ವರ್ಷದ ಕಾಳು, ಬೇಸಿಗೆಯ ಕರೆಂಟು: ಮನೆಖರ್ಚು ಇಳಿಸುವ ಬಗೆ

ಜೋಳ, ತೊಗರಿ, ಮೆಣಸಿನಕಾಯಿ, ಭತ್ತ ನಾಲ್ಕೂ ಬೆಳೆಯುವ ಸೀಮೆ ನಮ್ಮದು. ಆದರೂ ಇವನ್ನೇ ಕಿರಾಣಿ ಅಂಗಡಿಯಿಂದ ಒಂದೊಂದು ಕಿಲೋ ಲೆಕ್ಕದಲ್ಲಿ ವಾರವಾರ ತರುತ್ತೇವೆ. ರಾಯಚೂರು, ಬಳ್ಳಾರಿ, ಕೊಪ್ಪಳದ ಮನೆಗಳಲ್ಲಿ ದುಡ್ಡು ಸೋರುವ ದೊಡ್ಡ ತೂತು ಇದೇ. ಎರಡನೆಯದು ಏಪ್ರಿಲ್–ಮೇ ತಿಂಗಳ ಕರೆಂಟು. ಈ ಎರಡನ್ನು ಸರಿಮಾಡಿಕೊಂಡರೆ ಕೊತ್ತಂಬರಿ ಕಟ್ಟಿಗೆ ಎರಡು ರೂಪಾಯಿ ಚೌಕಾಸಿ ಮಾಡುವ ಕಷ್ಟ ಬೇಕಿಲ್ಲ. ಹಾಗಾಗಿ ಇಲ್ಲಿ ಹೇಳುವುದು ಹೆಚ್ಚಾಗಿ ಇವೆರಡರ ಬಗ್ಗೆಯೇ.

ಮೊದಲು ಅಳತೆ

ಸುಗ್ಗಿಗೆ ಮೂರು ತಿಂಗಳು ಮುಂಚೆಯೇ ಒಂದು ತಿಂಗಳ ಲೆಕ್ಕ ಬರೆದಿಡಿ. ಹಿಟ್ಟು, ಅಕ್ಕಿ, ಬೇಳೆ, ಖಾರದ ಪುಡಿ ದಿನಕ್ಕೆ ಎಷ್ಟು ಗ್ರಾಂ ಹೋಗುತ್ತದೆ ಎಂದು ಅಡುಗೆಮನೆ ತಕ್ಕಡಿಯಲ್ಲಿ ತೂಗಿ ನೋಡಿ. ಅಂದಾಜು ಬೇಡ. ಅಂದಾಜಿನಲ್ಲಿ ಕೊಂಡ ಮನೆಗಳಲ್ಲಿ ಜೋಳ ದೀಪಾವಳಿಗೇ ಮುಗಿದಿರುತ್ತದೆ, ತೊಗರಿ ಮುಂದಿನ ಸುಗ್ಗಿಯವರೆಗೂ ಉಳಿದು ಹುಳು ಹಿಡಿದಿರುತ್ತದೆ.

ದೊಡ್ಡವರಿಬ್ಬರು, ಮಕ್ಕಳಿಬ್ಬರು ಇರುವ ಮನೆಗೆ ಒಂದು ಲೆಕ್ಕ ಹೀಗಿದೆ. ಒಂದು ಹೊತ್ತು ರೊಟ್ಟಿ, ಒಂದು ಹೊತ್ತು ಅನ್ನ ಉಣ್ಣುವ ಮನೆ ಅಂದುಕೊಳ್ಳಿ. ದಿನಕ್ಕೆ 8 ರೊಟ್ಟಿ, ರೊಟ್ಟಿಗೆ 65–70 ಗ್ರಾಂ ಹಿಟ್ಟು ಹಿಡಿದರೆ ವರ್ಷಕ್ಕೆ ಜೋಳ ಸುಮಾರು 2 ಕ್ವಿಂಟಲ್. ಅಕ್ಕಿ ದಿನಕ್ಕೆ 350–400 ಗ್ರಾಂ ಅಂದರೆ 130ರಿಂದ 145 ಕಿಲೋ. ರೇಷನ್ ಅಕ್ಕಿ ಬರುವ ಮನೆಯಲ್ಲಿ ಅದನ್ನು ಇದರಿಂದ ಕಳೆಯಿರಿ. ತೊಗರಿ ಬೇಳೆ ದಿನಕ್ಕೆ 100 ಗ್ರಾಂನಂತೆ 36 ಕಿಲೋ. ಖಾರದ ಪುಡಿ ದಿನಕ್ಕೆ 20–25 ಗ್ರಾಂನಂತೆ 7–9 ಕಿಲೋ. ನಿಮ್ಮ ಮನೆಯ ಅಂಕಿ ಬೇರೆ ಇರುತ್ತದೆ, ಲೆಕ್ಕದ ದಾರಿ ಇದೇ.

ಇಷ್ಟಕ್ಕೂ ಒಟ್ಟಿಗೆ ದುಡ್ಡು ಬೇಕಲ್ಲ ಎಂಬುದು ನಿಜವಾದ ತೊಡಕು. ಸಾಲ ತಂದು ಕಾಳು ತುಂಬಬೇಡಿ. ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿ ಎಂದರೆ ಆರು ತಿಂಗಳಿಗೆ 18 ರೂಪಾಯಿ. ಸುಗ್ಗಿಯ ಧಾರಣೆಯಲ್ಲಿ ಉಳಿದದ್ದೆಲ್ಲ ಬಡ್ಡಿಗೇ ಹೋಗುತ್ತದೆ. ಗೃಹಲಕ್ಷ್ಮಿಯ 2000 ರೂಪಾಯಿ ಬರುವ ಮನೆಯಲ್ಲಿ ಆಗಸ್ಟ್‌ನಿಂದ ಜನವರಿಯವರೆಗೆ ಅದರ ಒಂದು ಪಾಲನ್ನು ಬೇರೆ ಖಾತೆಯಲ್ಲಿಟ್ಟರೆ ಜೋಳದ ಬಾಬತ್ತಿಗೆ ಆಗುತ್ತದೆ. ಮೊದಲ ವರ್ಷ ಎಲ್ಲವನ್ನೂ ತುಂಬಲು ಹೋಗದೆ ಜೋಳ, ಮೆಣಸಿನಕಾಯಿ ಎರಡನ್ನೇ ಹಿಡಿಯಿರಿ. ಕಾಳು ಕಾಯುವುದು ಕೈಗೆ ಒಗ್ಗಿದ ಮೇಲೆ ಉಳಿದವು.

ಜೋಳ

ಹಿಂಗಾರಿ ಬಿಳಿಜೋಳ ಫೆಬ್ರವರಿ–ಮಾರ್ಚ್‌ನಲ್ಲಿ ರಾಶಿಯಾಗುತ್ತದೆ. ಮನೆಗೆ ಅದೇ ಬೇಕು, ಮಾಲ್ದಂಡಿ ತಳಿಯಾದರೆ ಇನ್ನೂ ಒಳ್ಳೆಯದು. ಮುಂಗಾರಿ ಜೋಳ ಅಗ್ಗಕ್ಕೆ ಸಿಗುತ್ತದೆ, ಆದರೆ ಕಾಳು ಕಟ್ಟುವ ಹೊತ್ತಿಗೆ ಮಳೆ ಬಿದ್ದರೆ ಬೂಸ್ಟು ಹಿಡಿಯುತ್ತದೆ. ಕಪ್ಪು, ಗುಲಾಬಿ ಚುಕ್ಕೆಯ ಕಾಳು ಎಷ್ಟು ಕಡಿಮೆಗೆ ಕೊಟ್ಟರೂ ಬೇಡ. ಹಿಟ್ಟು ಕಹಿ, ಹೊಟ್ಟೆಗೂ ಕೇಡು.

ಪರಿಚಯದ ರೈತರ ಕಣದಿಂದಲೇ ತಂದರೆ ಹಮಾಲಿ, ದಲ್ಲಾಳಿ ಎರಡೂ ಉಳಿಯುತ್ತವೆ. ಒಬ್ಬರಿಗೆ 2 ಕ್ವಿಂಟಲ್‌ಗಾಗಿ ಗಾಡಿ ಬಾಡಿಗೆ ದುಬಾರಿ, ಓಣಿಯ ನಾಲ್ಕೈದು ಮನೆಯವರು ಸೇರಿ ಒಂದು ಟಂಟಂ ಮಾಡಿಕೊಂಡರೆ ಗಿಟ್ಟುತ್ತದೆ. ತೂಕದಲ್ಲಿ ಗೋಣಿಚೀಲದ ತೂಕ ಕಳೆದಿದ್ದಾರೆಯೇ ನೋಡಿ. ಕ್ವಿಂಟಲ್ ಹಿಡಿಯುವ ಸೆಣಬಿನ ಚೀಲವೇ ಒಂದು ಕಿಲೋ ತೂಗುತ್ತದೆ.

ಕಾಳು ಒಣಗಿದೆಯೇ ಎಂದು ತಿಳಿಯಲು ಹಲ್ಲಲ್ಲಿ ಕಡಿಯಿರಿ. ಕಟ್ಟೆಂದು ಒಡೆಯಬೇಕು, ಚಪ್ಪಟೆಯಾಗಬಾರದು. ಇನ್ನೂ ಅನುಮಾನವಿದ್ದರೆ ಉಪ್ಪಿನ ಪರೀಕ್ಷೆ ಇದೆ. ಒಣಗಿದ ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಪಾಲು ಕಾಳು ಹಾಕಿ, ಬಾಣಲೆಯಲ್ಲಿ ಹುರಿದು ಆರಿಸಿದ ಪುಡಿ ಉಪ್ಪು ಎರಡು ಮೂರು ಚಮಚ ಬೆರೆಸಿ, ಮುಚ್ಚಿ ಒಂದು ನಿಮಿಷ ಕುಲುಕಿ, ಕಾಲು ಗಂಟೆ ಬಿಡಿ. ಉಪ್ಪು ಗಾಜಿಗೆ ಅಂಟಿಕೊಂಡರೆ ಕಾಳಿನಲ್ಲಿ ನೀರಿನಂಶ ಶೇಕಡಾ 15ಕ್ಕಿಂತ ಹೆಚ್ಚಿದೆ ಎಂದರ್ಥ. ಅಂಟದಿದ್ದರೂ ಎರಡು ಬಿಸಿಲು ಹಾಕಿಯೇ ತುಂಬಿ, ಏಕೆಂದರೆ ವರ್ಷಗಟ್ಟಲೆ ಇಡಲು 12ಕ್ಕಿಂತ ಕೆಳಗೆ ಇಳಿಯಬೇಕು.

ಒಣಗಿಸುವುದು ಮಾಳಿಗೆಯ ಮೇಲೆ, ತಾಡಪತ್ರಿ ಹಾಸಿ, ಎರಡು ಬೆರಳು ದಪ್ಪಕ್ಕಿಂತ ಹೆಚ್ಚಿಲ್ಲದಂತೆ. ಗಂಟೆಗೊಮ್ಮೆ ಕೈಯಾಡಿಸಿ. ಮಾರ್ಚ್ ಕೊನೆಯ ಬಿಸಿಲಿಗೆ ಎರಡು ದಿನ ಸಾಕು. ನುಸಿ ಆಗಲೇ ಕಂಡಿದ್ದರೆ ಇನ್ನೊಂದು ಕೆಲಸ ಮಾಡಿ: ಒಣಗಿದ ಕಾಳನ್ನು ಕಪ್ಪು ಬಟ್ಟೆ ಅಥವಾ ಕಪ್ಪು ಹಾಳೆಯ ಮೇಲೆ ತೆಳ್ಳಗೆ ಹರಡಿ, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆ ಕಲ್ಲಿಟ್ಟು ಮಧ್ಯಾಹ್ನ 11ರಿಂದ 3ರವರೆಗೆ ಬಿಡಿ. ಒಳಗಿನ ಕಾವು 60 ಡಿಗ್ರಿ ದಾಟಿದರೆ ಹುಳು, ಮೊಟ್ಟೆ ಎರಡೂ ಸಾಯುತ್ತವೆ. ಹಸಿ ಕಾಳಿಗೆ ಇದನ್ನು ಮಾಡಬಾರದು, ಹಾಳೆಯ ಕೆಳಗೆ ಬೆವರಿ ಬೂಸ್ಟು ಬರುತ್ತದೆ.

ಬಹಳ ಮನೆಗಳಲ್ಲಿ ತಪ್ಪುವುದು ಮುಂದಿನ ಹೆಜ್ಜೆಯಲ್ಲಿ. ಬಿಸಿಲಿಂದ ತೆಗೆದ ಬಿಸಿ ಕಾಳನ್ನು ಹಾಗೆಯೇ ಡ್ರಮ್ಮಿಗೆ ಸುರಿದು ಮುಚ್ಚುತ್ತಾರೆ. ರಾತ್ರಿ ತಗಡು ತಣ್ಣಗಾದಾಗ ಮುಚ್ಚಳದ ಕೆಳಗೆ ನೀರಾಡುತ್ತದೆ, ತಿಂಗಳಲ್ಲಿ ಮೇಲಿನ ಒಂದು ಗೇಣು ಕಾಳು ಗಡ್ಡೆಗಟ್ಟಿರುತ್ತದೆ. ಒಂದು ರಾತ್ರಿ ಮನೆಯೊಳಗೆ ಹರಡಿ ಆರಲು ಬಿಡಿ, ಬೆಳಿಗ್ಗೆ ತುಂಬಿ.

200 ಲೀಟರ್ ಡ್ರಮ್ಮಿನಲ್ಲಿ ಸುಮಾರು ಒಂದೂವರೆ ಕ್ವಿಂಟಲ್ ಜೋಳ ಹಿಡಿಯುತ್ತದೆ. ಗುಜರಿಯಲ್ಲಿ ಅಗ್ಗಕ್ಕೆ ಸಿಗುವ ನೀಲಿ ಡ್ರಮ್ಮುಗಳಲ್ಲಿ ಮೊದಲು ರಾಸಾಯನಿಕ ಇದ್ದಿರಬಹುದು, ಎಷ್ಟು ತೊಳೆದರೂ ಅವು ಊಟದ ಕಾಳಿಗೆ ಆಗುವುದಿಲ್ಲ. ಹೊಸದನ್ನೇ ತನ್ನಿ, ಹದಿನೈದು ವರ್ಷ ಬರುತ್ತದೆ. ಬಾಯಿಮಟ ತುಂಬಿ ಗಟ್ಟಿ ಮುಚ್ಚಿ. ಒಳಗೆ ಗಾಳಿ ಕಡಿಮೆಯಿದ್ದಷ್ಟೂ ಹುಳುವಿಗೆ ಉಸಿರಿಲ್ಲ. ಇದೇ ಕಾರಣಕ್ಕೆ ದಿನಾ ಮುಚ್ಚಳ ತೆರೆಯಬಾರದು. ತಿಂಗಳ ಕಾಳನ್ನು ಒಮ್ಮೆಗೇ ಸಣ್ಣ ಡಬ್ಬಿಗೆ ತೆಗೆದುಕೊಂಡು ದೊಡ್ಡದನ್ನು ಮತ್ತೆ ಮುಚ್ಚಿಬಿಡಿ. ನೆರಳಲ್ಲಿ ಒಣಗಿಸಿದ ಬೇವಿನ ಎಲೆಯನ್ನು ಪದರ ಪದರವಾಗಿ ಹಾಕಬಹುದು. ಅದು ತಡೆಯುತ್ತದೆ, ಕೊಲ್ಲುವುದಿಲ್ಲ. ಹಸಿ ಎಲೆ ಹಾಕಿದರೆ ಅದರ ನೀರೇ ಕಾಳನ್ನು ಕೆಡಿಸುತ್ತದೆ. ಡ್ರಮ್ಮಿನ ಕೆಳಗೆ ಹಲಗೆ, ಗೋಡೆಯಿಂದ ಅರ್ಧ ಅಡಿ ದೂರ.

ಕಾಳಿನ ಚೀಲಕ್ಕೆ ಗೋದಾಮಿನವರು ಹಾಕುವ ಗುಳಿಗೆಯನ್ನು (ಅಲ್ಯೂಮಿನಿಯಂ ಫಾಸ್ಫೈಡ್) ಮನೆಯೊಳಗೆ ತರಲೇಬೇಡಿ. ಅದು ಬಿಡುವ ಫಾಸ್ಫಿನ್ ಗಾಳಿ ಮುಚ್ಚಿದ ಕೋಣೆಯಲ್ಲಿ ಮಲಗಿದವರ ಜೀವ ತೆಗೆಯುತ್ತದೆ. ಬೋರಿಕ್ ಪುಡಿ, ಪಾರದ ಗುಳಿಗೆಯೂ ಬೇಡ.

ಹಿಟ್ಟನ್ನು ಎಂಟು ಹತ್ತು ದಿನಕ್ಕಾಗುವಷ್ಟೇ ಬೀಸಿಸಿ. ಹಳತಾದ ಹಿಟ್ಟಿಗೆ ಜಿಗಿ ಹೋಗಿ ರೊಟ್ಟಿ ಬಡಿಯುವಾಗ ಅಂಚು ಬಿರಿಯುತ್ತದೆ, ಆಮೇಲೆ ಕಹಿಯೂ ಬರುತ್ತದೆ. ವರ್ಷದ ಕೊನೆಗೆ ಕಾಳೇ ಹಳತಾದಾಗ ಜಿಗಿ ಕಡಿಮೆಯಾಗುವುದು ಸಹಜ. ಕುದಿಯುವ ಎಸರು ಹಾಕಿ ಚೆನ್ನಾಗಿ ನಾದಿದರೆ ಸರಿಹೋಗುತ್ತದೆ.

ತೊಗರಿ: ಕೊಳ್ಳುವ ಮುಂಚೆ ಒಂದು ಭಾಗಾಕಾರ

ತೊಗರಿ ಡಿಸೆಂಬರ್–ಜನವರಿಯಲ್ಲಿ ಬರುತ್ತದೆ. ಕಾಳು ಕೊಂಡು ಸಣ್ಣ ಮಿಲ್ಲಿನಲ್ಲಿ ಬೇಳೆ ಮಾಡಿಸುವುದು ಯಾವಾಗಲೂ ಲಾಭವೇ ಎಂದೇನಿಲ್ಲ. 100 ಕಿಲೋ ತೊಗರಿಗೆ ಕೈಗೆ ಬರುವ ಬೇಳೆ 65–70 ಕಿಲೋ. ಹಾಗಾಗಿ ತೊಗರಿಯ ಕಿಲೋ ಧಾರಣೆಯನ್ನು 0.68ರಿಂದ ಭಾಗಿಸಿ, ಅದಕ್ಕೆ ಮಿಲ್ಲಿನ ಕೂಲಿ ಸೇರಿಸಿ. ಉದಾಹರಣೆಗೆ ತೊಗರಿ ಕಿಲೋಗೆ 70 ರೂಪಾಯಿ ಇದ್ದರೆ 103, ಕೂಲಿ, ಸಾಗಾಟ ಸೇರಿ 110ರ ಹತ್ತಿರ. ಅಂಗಡಿಯಲ್ಲಿ ಅಷ್ಟೇ ಒಳ್ಳೆಯ ಬೇಳೆ 115ಕ್ಕೆ ಸಿಗುತ್ತಿದ್ದರೆ ಈ ಓಡಾಟ ಬೇಡ, 140 ಇದ್ದರೆ ಹೋಗಿ. ದನ ಇರುವ ಮನೆಗೆ ಹೊಟ್ಟು, ನುಚ್ಚಿನ ಬೆಲೆಯೂ ಸೇರುತ್ತದೆ, ಅವರಿಗೆ ಲೆಕ್ಕ ಇನ್ನೂ ವಾಲುತ್ತದೆ. 36 ಕಿಲೋ ಬೇಳೆಗೆ ಸುಮಾರು 53 ಕಿಲೋ ತೊಗರಿ ಬೇಕು.

ಇಡಿ ತೊಗರಿಯನ್ನು ಮನೆಯಲ್ಲಿ ತಿಂಗಳುಗಟ್ಟಲೆ ಇಡಬೇಡಿ. ಕಾಳಿನ ಹುಳು ಹೊಲದಲ್ಲೇ ಕಾಯಿಯ ಮೇಲೆ ಮೊಟ್ಟೆ ಇಟ್ಟು ಬಂದಿರುತ್ತದೆ. ತಂದ ವಾರದಲ್ಲೇ ಬೇಳೆ ಮಾಡಿಸಿ. ಒಡೆದ ಬೇಳೆಯಲ್ಲಿ ಆ ಹುಳು ಬೆಳೆಯುವುದು ಬಹಳ ಕಡಿಮೆ. ಬೇಳೆಗೆ ಕಿಲೋಗೆ ಒಂದು ಸಣ್ಣ ಚಮಚ, ಅಂದರೆ 5 ಮಿಲಿ ಔಡಲ ಎಣ್ಣೆ (ಹರಳೆಣ್ಣೆ) ಸವರಿ, ಅಂಗೈಯಲ್ಲಿ ಉಜ್ಜಿ, ಒಂದು ಬಿಸಿಲು ಕೊಟ್ಟು ತುಂಬಿ. 36 ಕಿಲೋಗೆ 180 ಮಿಲಿ. ಹೆಚ್ಚು ಹಾಕಿದರೆ ಜಿಡ್ಡುವಾಸನೆ ಬರುತ್ತದೆ. ಬೇಯಿಸುವ ಮುಂಚೆ ಉಗುರುಬೆಚ್ಚಗಿನ ನೀರಲ್ಲಿ ಎರಡು ಸಲ ತೊಳೆಯಿರಿ.

ಬೇಳೆ ಬೇಯದೆ ಗ್ಯಾಸು ಖಾಲಿಯಾಗುವ ಮನೆಗಳಲ್ಲಿ ಎಷ್ಟೋ ಸಲ ತಪ್ಪು ಬೇಳೆಯದಲ್ಲ, ಬೋರಿನ ಗಡಸು ನೀರಿನದು. ನೀರಿನ ಸುಣ್ಣದಂಶ ಬೇಳೆಯನ್ನು ಮೆತ್ತಗಾಗಲು ಬಿಡುವುದಿಲ್ಲ. ಬೇಳೆ ನೆನೆಸಲು, ಬೇಯಿಸಲು ಮಾತ್ರ ಕುಡಿಯುವ ಶುದ್ಧೀಕರಿಸಿದ ನೀರು ಬಳಸಿ ನೋಡಿ. ಮುಕ್ಕಾಲು ಗಂಟೆ ನೆನೆಸಿ, ಮೆತ್ತಗಾಗುವವರೆಗೂ ಹುಣಸೆರಸ ಹಾಕಬೇಡಿ. ಕುಕ್ಕರ್ ಒಂದು ಸೀಟಿ ಹೊಡೆದ ಮೇಲೆ ಉರಿ ಪೂರ್ತಿ ಸಣ್ಣ ಮಾಡಿ ಎಂಟು ಹತ್ತು ನಿಮಿಷ. ಒತ್ತಡ ತುಂಬಿದ ಮೇಲೆ ದೊಡ್ಡ ಉರಿಯಿಂದ ಒಳಗಿನ ಕಾವು ಏರುವುದಿಲ್ಲ, ಉಗಿ ಮಾತ್ರ ಹೊರಗೆ ಹೋಗುತ್ತದೆ. ಐದು ಸೀಟಿ ಎಣಿಸುವುದು ಗ್ಯಾಸನ್ನು ಗಾಳಿಗೆ ಬಿಟ್ಟಂತೆ.

ಸಿಲಿಂಡರ್ ಬಂದಾಗ ತೂಗಿಸಿಕೊಳ್ಳಿ: ಮೈಮೇಲೆ ಬರೆದ ಖಾಲಿ ತೂಕಕ್ಕೆ 14.2 ಕಿಲೋ ಕೂಡಿಸಿದಷ್ಟು ಇರಬೇಕು.

ಮೆಣಸಿನಕಾಯಿ, ಹುಣಸೆಹಣ್ಣು

ಸಿರುಗುಪ್ಪ, ಕುರುಗೋಡು, ಮಾನ್ವಿ, ದೇವದುರ್ಗ ಕಡೆ ಮೆಣಸಿನಕಾಯಿ ಜನವರಿಯಿಂದ ಮಾರ್ಚ್‌ವರೆಗೆ ಕಣದಲ್ಲಿರುತ್ತದೆ. ಬ್ಯಾಡಗಿ ಬಣ್ಣಕ್ಕೆ, ಗುಂಟೂರು ಖಾರಕ್ಕೆ. ಎರಡು ಪಾಲು ಬ್ಯಾಡಗಿಗೆ ಒಂದು ಪಾಲು ಗುಂಟೂರು ಬೆರೆಸಿದರೆ ಮಕ್ಕಳಿರುವ ಮನೆಗೆ ಹೊಂದುತ್ತದೆ. ಖಾರ ಜಾಸ್ತಿ ಬೇಕೆನ್ನುವವರು ಸಮಸಮ ಮಾಡಿಕೊಳ್ಳಲಿ. ಗುಂಟೂರು ಸಾಮಾನ್ಯವಾಗಿ ಅಗ್ಗ, ಸಮಸಮ ಮಾಡಿದರೆ ಕಡಿಮೆ ಪುಡಿಯೇ ಸಾಕಾಗುತ್ತದೆ ಎಂಬ ಲಾಭವೂ ಇದೆ.

ಕೊಳ್ಳುವಾಗ ಒಂದು ಹಿಡಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ. ಬೀಜ ಗಲಗಲ ಎನ್ನಬೇಕು. ಬಗ್ಗಿಸಿದರೆ ತೊಗಲಿನಂತೆ ಬಗ್ಗುವ ಕಾಯಿಯಲ್ಲಿ ನೀರಿದೆ, ನೀರಿಗೇ ದುಡ್ಡು ಕೊಟ್ಟಂತೆ. ನಾಲ್ಕು ಕಾಯಿ ಸೀಳಿ ಒಳಗೆ ನೋಡಿ. ಬೂದಿಬಣ್ಣದ ಧೂಳಿದ್ದರೆ ಬೂಸ್ಟು. ಅದರ ವಿಷ ಹುರಿದರೂ ಹೋಗುವುದಿಲ್ಲ, ಇಂಥ ಲಾಟು ಬಿಟ್ಟುಬಿಡಿ.

ಮನೆಗೆ ತಂದು ಎರಡು ಮೂರು ಬಿಸಿಲು ಹಾಕಿ. ಎಲ್ಲವನ್ನೂ ಒಮ್ಮೆಗೇ ಕುಟ್ಟಿಸಬೇಡಿ. ಇಡಿ ಕಾಯಿ ಹೆಚ್ಚು ದಿನ ತಾಳುತ್ತದೆ, ಪುಡಿ ಬೇಗ ಬಣ್ಣ ಬಿಡುತ್ತದೆ. ಅರ್ಧ ಮಾರ್ಚ್‌ನಲ್ಲಿ ಕುಟ್ಟಿಸಿ, ಉಳಿದರ್ಧವನ್ನು ಒಳಗೆ ಪ್ಲಾಸ್ಟಿಕ್ ಚೀಲವಿರುವ ಗೋಣಿಯಲ್ಲಿ ಬಿಗಿಯಾಗಿ ಕಟ್ಟಿ ಕತ್ತಲಲ್ಲಿಟ್ಟು ದಸರಾ ಹೊತ್ತಿಗೆ ಕುಟ್ಟಿಸಿ. ತೊಟ್ಟು ಬಿಡಿಸಿದ ಮೇಲೆ ತೂಕ ಇಳಿಯುವುದರಿಂದ 9 ಕಿಲೋ ಪುಡಿಗೆ 10 ಕಿಲೋ ಕಾಯಿ ಹಿಡಿಯಿರಿ. ಕಿಲೋಗೆ 40–50 ಗ್ರಾಂ ಹುರಿದ ಉಪ್ಪು ಸೇರಿಸಿ ಬರಣಿಗೆ ಒತ್ತಿ ತುಂಬಬಹುದು, ಆಮೇಲೆ ಅಡುಗೆಯಲ್ಲಿ ಅಷ್ಟು ಉಪ್ಪು ಕಡಿಮೆ ಮಾಡಿ. ಆರು ತಿಂಗಳು ಇಡುವ ಪುಡಿಗೆ ಶೇಂಗಾ ಎಣ್ಣೆ ಬೆರೆಸುವುದು ಒಳ್ಳೆಯದಲ್ಲ, ಮುಗ್ಗಲು ವಾಸನೆ ಬರುತ್ತದೆ. ಧಾರಣೆ ಬಿದ್ದ ವರ್ಷ ಆಸೆಪಟ್ಟು ಎರಡು ವರ್ಷದ್ದು ತುಂಬುವುದೂ ಬೇಡ.

ಹುಣಸೆಹಣ್ಣೂ ಇದೇ ಕಾಲದ್ದು. ಬೀಜ, ನಾರು ತೆಗೆದ ಮೇಲೆ ಉಳಿಯುವುದು ಹೆಚ್ಚುಕಡಿಮೆ ಅರ್ಧ, ಬೆಲೆ ಹೋಲಿಸುವಾಗ ಅದು ನೆನಪಿರಲಿ. ಕಲ್ಲುಪ್ಪು ಬೆರೆಸಿ ಮಣ್ಣಿನ ಗಡಿಗೆ ಅಥವಾ ಪಿಂಗಾಣಿ ಬರಣಿಯಲ್ಲಿಡಿ. ಅಲ್ಯೂಮಿನಿಯಂ, ತಗಡು ಹುಳಿಗೆ ಕರಗುತ್ತವೆ.

ಅಕ್ಕಿ

ಗಂಗಾವತಿ, ಕಾರಟಗಿ, ಸಿಂಧನೂರಿನ ಸೋನಾ ಮಸೂರಿ ನಮ್ಮ ಕೈಗೆಟುಕುವಲ್ಲೇ ಇದೆ. ಹೊಸ ಅಕ್ಕಿ ಅಗ್ಗ, ಹಳೆ ಅಕ್ಕಿ ದುಬಾರಿ. ನಡುವಿನ ವ್ಯತ್ಯಾಸ ಆರು ತಿಂಗಳು ಇಟ್ಟುಕೊಂಡಿದ್ದಕ್ಕೆ ಕೊಡುವ ಬಾಡಿಗೆ ಅಷ್ಟೇ. ಡಿಸೆಂಬರ್‌ನಲ್ಲಿ ಹೊಸದನ್ನು ತಂದು ನೀವೇ ಇಟ್ಟರೆ ಜೂನ್ ಹೊತ್ತಿಗೆ ಅನ್ನ ಉದುರುದುರಾಗುತ್ತದೆ, ಹಿಗ್ಗೂ ಜಾಸ್ತಿ. ಅಲ್ಲಿಯವರೆಗೆ ರೇಷನ್ ಅಕ್ಕಿಯೋ ಹಳೆ ದಾಸ್ತಾನೋ ನಡೆಯಲಿ. ಅಕ್ಕಿಯನ್ನು ಮಾತ್ರ ಜೋಳದಂತೆ ಬಿಸಿಲಿಗೆ ಹಾಕಬೇಡಿ, ಕಾಳು ಸೀಳಿ ನುಚ್ಚಾಗುತ್ತದೆ. ನೆರಳಲ್ಲಿ ಗಾಳಿಗೆ ಹರಡಿದರೆ ಸಾಕು. ದೋಸೆ, ಇಡ್ಲಿಗೆ ನುಚ್ಚಕ್ಕಿ ಬಳಸಿ, ರುಬ್ಬಿದ ಮೇಲೆ ಯಾವ ವ್ಯತ್ಯಾಸವೂ ತಿಳಿಯುವುದಿಲ್ಲ.

ಚೀಲದ ಬೆಲೆ ಕೇಳಿ ಹೋಲಿಸುವುದು ಮೋಸ. 2022ರ ಜುಲೈನಲ್ಲಿ 25 ಕಿಲೋವರೆಗಿನ ಮುದ್ರಿತ ಪೊಟ್ಟಣಕ್ಕೆ ಶೇಕಡಾ 5 ಜಿಎಸ್‌ಟಿ ಬಂದ ಮೇಲೆ 26 ಕಿಲೋ ಚೀಲಗಳು ಮಾರುಕಟ್ಟೆಗೆ ಬಂದವು. ಚೀಲದ ಮೇಲಿನ ತೂಕ ಓದಿ, ಕಿಲೋಗೆ ಎಷ್ಟು ಬಿತ್ತು ಎಂದು ಭಾಗಿಸಿ ನೋಡಿ. ಎಣ್ಣೆಯಲ್ಲೂ ಇದೇ. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಪಾಕೀಟಿನ ಮೇಲೆ 850, 800 ಗ್ರಾಂ ಎಂದಿದ್ದರೆ ಅಷ್ಟಕ್ಕೇ ಬೆಲೆ ಕಟ್ಟಿ.

ಬೇಸಿಗೆಯ 200ರ ಗೆರೆ

ಈಗ ಕರೆಂಟಿನ ಮಾತು. ಗೃಹಜ್ಯೋತಿಯಲ್ಲಿ ಪ್ರತಿ ಮನೆಗೂ ಅದರ 2022–23ರ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಸೇರಿಸಿ ಉಚಿತ ಯೂನಿಟ್ಟು ನಿಗದಿಯಾಗಿದೆ. ಅದನ್ನು ಮೀರಿ 200ರವರೆಗೆ ಹೋದರೆ ಮೀರಿದಷ್ಟಕ್ಕೆ ಮಾತ್ರ ದುಡ್ಡು. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲು ನಿಮ್ಮದೇ. ನಿಮ್ಮ ಉಚಿತ ಪಾಲು 140 ಅಂದುಕೊಳ್ಳಿ, ಯೂನಿಟ್ಟಿಗೆ ಸುಮಾರು 6 ರೂಪಾಯಿ ಹಿಡಿಯಿರಿ. 195 ಯೂನಿಟ್ಟಿಗೆ 330 ರೂಪಾಯಿ ಸುತ್ತಮುತ್ತ, 205ಕ್ಕೆ 1230, ಮೇಲೆ ನಿಗದಿತ ಶುಲ್ಕ, ತೆರಿಗೆ. ಹತ್ತೇ ಯೂನಿಟ್ಟಿನ ಬೆಲೆ 900 ರೂಪಾಯಿ! ಬೇಸಿಗೆಯಲ್ಲಿ ನಮ್ಮ ಊರುಗಳ ಮನೆಗಳು ಜಾರುವುದು ಈ ಗೆರೆಯಲ್ಲೇ.

ಜೆಸ್ಕಾಂನವರು ಬಿಲ್ಲು ಕೊಟ್ಟ ದಿನದ ರೀಡಿಂಗನ್ನು ಕ್ಯಾಲೆಂಡರಿನಲ್ಲಿ ಬರೆಯಿರಿ, ಆಮೇಲೆ ವಾರಕ್ಕೊಮ್ಮೆ ಮೀಟರ್ ನೋಡಿ. 30 ದಿನಕ್ಕೆ 200 ಅಂದರೆ ದಿನಕ್ಕೆ ಆರೂವರೆ, ವಾರಕ್ಕೆ 46. ಎರಡನೇ ವಾರಕ್ಕೇ 105 ಆಗಿದ್ದರೆ ಕೈ ಬಿಗಿಹಿಡಿಯಲು ಇನ್ನೂ ಹದಿನಾರು ದಿನ ಇವೆ.

ಯಾವುದು ಎಷ್ಟು ಎಳೆಯುತ್ತದೆ? ಹಳೆ ಸೀಲಿಂಗ್ ಫ್ಯಾನ್ 75 ವಾಟ್, ದಿನಕ್ಕೆ 14 ತಾಸಿಗೆ ಒಂದು ಯೂನಿಟ್ಟು. ಕಡಿಮೆ ಕರೆಂಟು ಎಳೆಯುವ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನ್ 30 ವಾಟ್ ಸುಮಾರು, ಅದೇ ಹೊತ್ತಿಗೆ 0.42. ಮೂರು ಫ್ಯಾನ್ ಬದಲಿಸಿದರೆ ತಿಂಗಳಿಗೆ 55 ಯೂನಿಟ್ಟಿನ ಹತ್ತಿರ ಉಳಿಯುತ್ತದೆ. ಎಲ್ಲ ಒಮ್ಮೆಗೆ ಆಗದಿದ್ದರೆ ಹೆಚ್ಚು ಹೊತ್ತು ತಿರುಗುವ ಒಂದನ್ನು ಮೊದಲು ಬದಲಿಸಿ. ಕೂಲರ್ 180 ವಾಟ್ ಆದರೆ ಹತ್ತು ತಾಸಿಗೆ 1.8. ಒಂದೂವರೆ ಟನ್ ಎಸಿ ಎಂಟು ತಾಸು ಓಡಿದರೆ ಎಂಟು ಹತ್ತು ಯೂನಿಟ್ಟು, ದಿನದ ಪಾಲು ಅಲ್ಲಿಗೇ ಮುಗಿಯಿತು. ಒಂದು ಎಚ್‌ಪಿ ನೀರಿನ ಮೋಟರ್ ತಾಸಿಗೆ ಸುಮಾರು ಒಂದು, ಟ್ಯಾಂಕು ತುಂಬಿ ಹರಿಯುವವರೆಗೂ ಮರೆತರೆ ಅಷ್ಟೂ ವ್ಯರ್ಥ. ಗೀಸರನ್ನು ಮಾರ್ಚ್‌ನಿಂದ ಜೂನ್‌ವರೆಗೆ ಮೇನ್‌ನಲ್ಲೇ ಆರಿಸಿಬಿಡಿ, ಮಾಳಿಗೆಯ ಟ್ಯಾಂಕಿನ ನೀರೇ ಕೈ ಸುಡುತ್ತಿರುತ್ತದೆ.

ನಮ್ಮ ಒಣ ಬಿಸಿಲಿಗೆ ಕೂಲರ್ ಬಹಳ ಚೆನ್ನಾಗಿ ಒಪ್ಪುತ್ತದೆ, ಆದರೆ ಇಡುವ ಜಾಗ ತಪ್ಪುತ್ತಾರೆ. ಕೋಣೆಯ ನಡುವೆ ಇಟ್ಟು ಬಾಗಿಲು ಕಿಟಕಿ ಮುಚ್ಚಿದರೆ ಒಂದು ತಾಸಿನಲ್ಲಿ ಒಳಗಿನ ಗಾಳಿ ನೀರುಂಡು ಅಂಟಂಟಾಗುತ್ತದೆ, ತಂಪು ನಿಲ್ಲುತ್ತದೆ. ಕೂಲರ್ ಬೆನ್ನು ಕಿಟಕಿಯ ಹೊರಗಿನ ಗಾಳಿಗಿರಬೇಕು. ಎದುರಿನ ಕಿಟಕಿ ಒಂದು ಗೇಣು ತೆರೆದಿರಬೇಕು. ಕಿಟಕಿ ಪಡುವಣಕ್ಕಿದ್ದರೆ ಹೊರಗೆ ನೆರಳು ಬಟ್ಟೆ ಕಟ್ಟಿ. ಗಡಸು ನೀರಿನಿಂದ ಪ್ಯಾಡಿನ ಮೇಲೆ ಬಿಳಿ ಪೊರೆ ಕಟ್ಟಿ ಗಾಳಿ ನುಸುಳುವುದಿಲ್ಲ, ಫ್ಯಾನ್ ಅಷ್ಟೇ ಕರೆಂಟು ಎಳೆದು ಅರ್ಧ ತಂಪು ಕೊಡುತ್ತದೆ. ಮೂರು ದಿನಕ್ಕೊಮ್ಮೆ ತೊಟ್ಟಿಯ ನೀರು ಪೂರ್ತಿ ಚೆಲ್ಲಿ ಗಿಡಕ್ಕೆ ಹಾಕಿ, ಹೊಸದು ತುಂಬಿ. ನೀರು ವಾರಕ್ಕಿಂತ ಹೆಚ್ಚು ನಿಂತರೆ ಡೆಂಗಿ ಸೊಳ್ಳೆ ಅಲ್ಲೇ ಹುಟ್ಟುತ್ತದೆ. ಹುಲ್ಲಿನ ಪ್ಯಾಡನ್ನು ಪ್ರತಿ ಬೇಸಿಗೆಗೆ ಬದಲಿಸಿ, ಜೇನುಗೂಡಿನಂಥದ್ದು ತೊಳೆದುಕೊಂಡರೆ ಎರಡು ಮೂರು ವರ್ಷ ಬರುತ್ತದೆ.

ಆರ್‌ಸಿಸಿ ಮಾಳಿಗೆಯ ಮನೆಯವರು ಮಾರ್ಚ್ ಮೊದಲ ವಾರದಲ್ಲಿ ಮೇಲೆ ಸುಣ್ಣ ಹೊಡೆಯಿರಿ. ಇಡಿ ಸುಣ್ಣವನ್ನು ಕಬ್ಬಿಣದ ಡ್ರಮ್ಮಿನಲ್ಲಿ ಹಿಂದಿನ ದಿನವೇ ನೀರಿಗೆ ಹಾಕಿ, ಕುದಿದು ಆರಿದ ಮೇಲೆ ಬಟ್ಟೆಯಲ್ಲಿ ಸೋಸಿ, ಹಾಲಿನಂತೆ ತೆಳು ಮಾಡಿ, ಅಂಟು ಬೆರೆಸಿ. ಸುಣ್ಣ ಕುದಿಯುವಾಗ ಮಕ್ಕಳು ಹತ್ತಿರ ಬರಬಾರದು, ಕಣ್ಣಿಗೆ ಸಿಡಿದರೆ ಕಣ್ಣೇ ಹೋದೀತು. ಮಾಳಿಗೆ ಗುಡಿಸಿ, ನೀರು ಚಿಮುಕಿಸಿ ಒದ್ದೆ ಮಾಡಿಕೊಂಡು ಸಂಜೆ ಹೊಡೆಯಿರಿ. ಒಂದು ಕೈ ಒಣಗಿದ ಮೇಲೆ ಎರಡನೆಯದು, ಸಾಧ್ಯವಾದರೆ ಮೂರನೆಯದು. ಒಣಗಿದ ಕಾಂಕ್ರೀಟಿನ ಮೇಲೆ ಉರಿಬಿಸಿಲಲ್ಲಿ ಹೊಡೆದ ಸುಣ್ಣ ಹುಡಿಯಾಗಿ ಹಾರಿಹೋಗುತ್ತದೆ. ಮಣ್ಣಿನ ಮಾಳಿಗೆ ಇರುವವರಿಗೆ ಇದರ ಅಗತ್ಯ ಇಲ್ಲ, ಆ ಮಣ್ಣೇ ಕಾವು ತಡೆಯುತ್ತದೆ. ಮನೆ ಕಟ್ಟಿಸುವ ಆತುರದಲ್ಲಿ ಅದನ್ನು ಕೆಡವುವ ಮುಂಚೆ ಎರಡು ಸಲ ಯೋಚಿಸಿ.

ಮಿರಗದ (ಮೃಗಶಿರ) ಮಳೆ ಜೂನ್ ಮೊದಲ ವಾರ ದಾಟಿದೊಡನೆ ಬರುತ್ತದೆ. ಅದಕ್ಕೆ ಮುಂಚಿನ ಭಾನುವಾರ ಜೋಳದ ಡ್ರಮ್ಮು ತೆರೆದು ಮೊಣಕೈವರೆಗೆ ಕೈ ಇಳಿಸಿ ನೋಡಿ. ಕಾಳು ತಣ್ಣಗೆ, ಒಣಗಿದಂತೆ ಇರಬೇಕು. ಒಳಗೆ ಬಿಸಿ ತಾಕಿದರೆ ಹುಳುವೋ ನೀರೋ ಸೇರಿದೆ. ಮಳೆ ಹಿಡಿಯುವ ಮುಂಚೆ ಇನ್ನೊಂದು ಬಿಸಿಲು ಹಾಕಲು ಅದೇ ಕಡೆಯ ಅವಕಾಶ. ಗಾಳಿಯಲ್ಲಿ ತೇವ ಬಂದ ಮೇಲೆ ಕೂಲರ್ ತಂಪು ಕೊಡುವುದಿಲ್ಲ, ನೀರು ಖಾಲಿ ಮಾಡಿ, ಪ್ಯಾಡ್ ಒಣಗಿಸಿ, ಗೋಣಿ ಮುಚ್ಚಿ ಎತ್ತಿಡಿ.